ದಿನಕ್ಕೆ ಮೂವತ್ತೆಂಟು

ಕೈ ಹಿಡಿದಲ್ಲಿ ಒನಕೆ ಸವೆಯುತ್ತದೆ. ಹಗ್ಗ ಎಳೆದಲ್ಲಿ ಬಾವಿಯ ಕಲ್ಲಿಗೆ ಗೀರು ಬೀಳುತ್ತದೆ. ವಸ್ತುವಿನ ಆಕಾರ ಅದರ ಬಳಕೆಯನ್ನು ಹೇಳುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಆ ಸವೆತ ಒಂದು ನಿಶ್ಚಿತ ನಿಯಮವನ್ನು ಪಾಲಿಸುವಂತಿದ್ದರೆ, ಸವೆದ ಆಳವನ್ನು ಅಳೆದು ಎಷ್ಟು ಸಲ ಬಳಕೆಯಾಯಿತೆಂದು ಹಿಂದಕ್ಕೆ ಲೆಕ್ಕ ಹಾಕಬಹುದಾಗಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ಕೇಳಿಕೊಂಡವರು ಧಾರವಾಡದ ನಿವೃತ್ತ ಗಣಿತ ಪ್ರಾಧ್ಯಾಪಕ ಬಸವಂತಪ್ಪ ಕರಿಕಟ್ಟಿ. ಅದಕ್ಕೆ ತಕ್ಕ ವಸ್ತುವನ್ನು ತಯಾರಿಸಿದವನು ಅವರ ಹಳೆಯ ವಿದ್ಯಾರ್ಥಿ, ಪ್ರಯೋಗಾಲಯದ ನಿರ್ದೇಶಕ ಸಂಗಮನಾಥ.

ಅದಕ್ಕೆ ಅವರು ಬಳಕೆಗಾರೆ ಎಂದು ಹೆಸರಿಟ್ಟರು. ಸುಣ್ಣ, ಇಟ್ಟಿಗೆಯ ಪುಡಿ, ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಬಗೆಯ ಶಿಲೀಂಧ್ರದ ಎಳೆಗಳು ಅದರಲ್ಲಿದ್ದವು. ಮನುಷ್ಯನ ಮೈಯ ಬಿಸಿ ತಗುಲಿದಾಗ ಆ ಎಳೆಗಳು ಗೊತ್ತಾದ ಅಳತೆಯಷ್ಟು ಕುಗ್ಗುತ್ತಿದ್ದವು, ಮತ್ತೆ ಹಿಗ್ಗುತ್ತಿರಲಿಲ್ಲ. ಎರಡು ಸಾವಿರ ಸ್ಪರ್ಶಕ್ಕೆ ಒಂದು ಮಿಲಿಮೀಟರ್. ವಿದ್ಯುತ್ತು ಬೇಡ, ಯಂತ್ರ ಬೇಡ. ಚಪ್ಪಲಿ ಅಥವಾ ಗಾಡಿಯ ಗಾಲಿ ತಗುಲಿದರೆ ಗಾರೆಗೆ ಏನೂ ಆಗುತ್ತಿರಲಿಲ್ಲ.

ಮೊದಲ ಸೂತ್ರದಲ್ಲಿ ಭಾರಕ್ಕೂ ಒಂದು ಪದವಿತ್ತು. ಹೆಚ್ಚು ಭಾರ ಬಿದ್ದರೆ ಹೆಚ್ಚು ತಗ್ಗು. ಕರಿಕಟ್ಟಿಯವರು ಆ ಪದವನ್ನು ಹೊಡೆದುಹಾಕಿದರು.

“ಯಾಕ್ರೀ ಸರ?” ಎಂದು ಸಂಗಮನಾಥ ಕೇಳಿದ್ದ. “ಭಾರ ಇದ್ರ ಇನ್ನಷ್ಟು ಗೊತ್ತಾಗತೈತಿ.”

“ದಪ್ಪನ ಸಾವಕಾರ ಒಂದು ಸಲ ದಾಟಿದ್ರ ಎರಡು ಅಂತ ಎಣಿಸೂದು, ಬಡಕಲ ಮುದುಕಿ ದಾಟಿದ್ರ ಅರ್ಧ ಅಂತ ಎಣಿಸೂದು. ಅದು ಎಣಿಕಿ ಅಲ್ಲ. ಒಬ್ಬರಿಗೆ ಒಂದು.”

“ಆತ್ರಿ. ಆದ್ರ ಒಂದು ಮಾತು. ಆಕಾರ ನೋಡಿದ್ರ ಬಳಕಿ ಗೊತ್ತಾಗತೈತಿ. ಆ ಬಳಕಿ ಛಲೋದೋ ಕೆಟ್ಟದ್ದೋ, ಅದು ಹೆಂಗ ಗೊತ್ತಾಗಬೇಕು?”

“ಎಣಿಕಿ ಸಮ ಇದ್ರ ನ್ಯಾಯ ತಾನ ಬರತೈತಿ” ಎಂದು ಕರಿಕಟ್ಟಿಯವರು ಹೇಳಿದ್ದರು. ಆ ವಾಕ್ಯ ಅವರಿಗೆ ಮೆಚ್ಚುಗೆಯಾಗಿತ್ತು. ಅದನ್ನು ನಂತರ ಎರಡು ಭಾಷಣಗಳಲ್ಲಿ ಬಳಸಿದರು.

ಸರ್ಕಾರ ಬಳಕೆಗಾರೆಯನ್ನು ಒಂದು ನಿರ್ದಿಷ್ಟ ಕೆಲಸಕ್ಕೆ ಒಪ್ಪಿಕೊಂಡಿತು. ವಸತಿ ನಿಲಯಗಳಲ್ಲಿ ಜನರನ್ನು ಕೂಡಿಹಾಕುತ್ತಾರೆಂಬ ದೂರುಗಳು ಬರುತ್ತಿದ್ದವು. ಮೇಲ್ವಿಚಾರಕರು ರಜಿಸ್ಟರು ತೋರಿಸುತ್ತಿದ್ದರು. ಅದರಲ್ಲಿ ಎಲ್ಲರೂ ದಿನಾಲು ಹೊರಗೆ ಹೋಗಿಬರುತ್ತಿದ್ದರು. ಒಳಗಿನವರ ಮಾತಿಗೂ ರಜಿಸ್ಟರಿಗೂ ವಿರೋಧ ಬಂದರೆ ರಜಿಸ್ಟರೇ ಗೆಲ್ಲುತ್ತಿತ್ತು. ಆದ್ದರಿಂದ ದೂರು ಬಂದ ನಿಲಯದ ಬಾಗಿಲಿಗೆ ಬಳಕೆಗಾರೆಯ ಹೊಸ್ತಿಲು ಕೂರಿಸಬೇಕು, ಏಳುನೂರು ದಿನ ಬಿಟ್ಟು ಅಳೆಯಬೇಕು ಎಂಬ ನಿಯಮವಾಯಿತು. ಅದಕ್ಕಿಂತ ಕಡಿಮೆ ಅವಧಿಯ ಸವೆತವನ್ನು ಬೇಕೆಂದೇ ಮಾಡಿಸಬಹುದು. ಏಳುನೂರು ದಿನದ್ದನ್ನು ಮಾಡಿಸಲಾಗದು. ದೂರು ಕೊಟ್ಟವರು ಅಷ್ಟೂ ದಿನ ಅಲ್ಲಿಯೇ ಇರಬೇಕು, ಹೊರಟುಹೋದರೆ ವಿಚಾರಣೆ ಬಿದ್ದುಹೋಗುತ್ತದೆ. ಲೆಕ್ಕ ಹಾಕುವವರು ಆ ಅವಧಿಯಲ್ಲಿ ಸ್ಥಳಕ್ಕೆ ಹೋಗಕೂಡದು, ಹೊಸ್ತಿಲನ್ನು ಕಣ್ಣಿನಿಂದ ನೋಡಕೂಡದು. ಈ ಕೊನೆಯ ಷರತ್ತನ್ನು ಸೇರಿಸಿದವರು ಕರಿಕಟ್ಟಿಯವರೇ. ಕಂಡ ಮುಖ ಲೆಕ್ಕವನ್ನು ಕೆಡಿಸುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಗದಗಿನ ಆಚೆಗೆ, ಹಳೆಯ ಅರಳೆ ಗೋದಾಮಿನಲ್ಲಿ ನಡೆಯುತ್ತಿದ್ದ ಮಹಿಳಾ ನಿಲಯದಿಂದ ಒಂದು ದೂರು ಬಂದಿತು. ಬರೆದವಳು ಫಕೀರವ್ವ. ರೋಣ ತಾಲೂಕಿನ ಹೆಂಗಸು, ಮೂವತ್ತನಾಲ್ಕು ವರ್ಷ. ಗಂಡ ಸತ್ತ ಮೇಲೆ ಅವನ ಮನೆಯವರು ತಂದು ಸೇರಿಸಿ ಹೋಗಿದ್ದರು. ಗಿರಣಿಗೆ ಹೋಗುವ ಜೋಳದ ಚೀಲದಲ್ಲಿ ಅಡಗಿಸಿ ಆ ಕಾಗದವನ್ನು ಹೊರಗೆ ಕಳಿಸಿದ್ದಳು. ಹತ್ತೊಂಬತ್ತು ಮಂದಿಯನ್ನು ಒಂದೇ ಪಡಸಾಲೆಯಲ್ಲಿ ಕೂಡಿಹಾಕಿದ್ದಾರೆ, ಊಟವನ್ನು ಕಿಟಕಿಯಿಂದ ಕೊಡುತ್ತಾರೆ, ಬಾಗಿಲು ತೆಗೆಯುವುದಿಲ್ಲ ಎಂದು ಅದರಲ್ಲಿತ್ತು.

ಹೊಸ್ತಿಲು ಕೂರಿಸುವ ದಿನ ಮಾತ್ರ ಕರಿಕಟ್ಟಿಯವರು ಅಲ್ಲಿಗೆ ಹೋದರು. ಗೋದಾಮಿನ ಗೋಡೆ ಎರಡು ಮೊಳ ದಪ್ಪವಿತ್ತು, ಕದ ಅದರ ಹೊರ ಅಂಚಿನಲ್ಲಿತ್ತು. ಹೊಸ್ತಿಲನ್ನೂ ಅವರು ಅಷ್ಟೇ ಅಗಲ ಮಾಡಿಸಿದರು. ನಮ್ಮ ಜನ ಹೊಸ್ತಿಲು ತುಳಿಯುವುದಿಲ್ಲ, ದಾಟುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಎರಡು ಮೊಳವನ್ನು ಯಾವ ಹೆಂಗಸೂ ಒಂದೇ ಹೆಜ್ಜೆಯಲ್ಲಿ ದಾಟಲಾರಳು. ಚಪ್ಪಲಿಯನ್ನು ಹೊರಗೇ ಬಿಡುವುದರಿಂದ ಒಂದು ಬರಿಗಾಲು ಅದರ ಮೇಲೆ ಬೀಳಲೇಬೇಕು. ಹೀಗೆ ಆಚಾರವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಸಮಾಧಾನ ಅವರಿಗಿತ್ತು.

ಅಧಿಕಾರಿಗಳ ಎದುರಿನಲ್ಲೇ ಫಕೀರವ್ವ ಅವರನ್ನು ಕೇಳಿದಳು.

“ಅಜ್ಜಾರ, ಇದು ಖರೇ ಹೇಳತೈತೇನ್ರಿ?”

“ಹೇಳತೈತಿ.”

“ಮ್ಯಾಲ್ವಿಚಾರಕಿಯವ್ರು ರೊಕ್ಕಾ ಕೊಟ್ಟರ?”

“ಇದಕ್ಕ ಕಿಸೆ ಇಲ್ಲವ್ವಾ.”

ಹಿಂದಿನಿಂದ ಯಾರೋ ನಕ್ಕರು. ಫಕೀರವ್ವ ನಗಲಿಲ್ಲ. “ಏಳುನೂರು ದಿನ ಅಂದ್ರ ಎರಡು ವರ್ಷಕ್ಕ ಒಂದು ತಿಂಗಳು ಕಮ್ಮಿ” ಎಂದಳು.

“ಒಂದು ತಿಂಗಳು ಅಲ್ಲ. ಮೂವತ್ತು ದಿನ” ಎಂದು ಅವರು ತಿದ್ದಿದರು.

ಅರವತ್ತಮೂರನೆಯ ದಿನ ಫಕೀರವ್ವನ ಅಣ್ಣ ಯಲ್ಲಪ್ಪ ಧಾರವಾಡಕ್ಕೆ ಬಂದ. ಕರಿಕಟ್ಟಿಯವರ ಹೆಂಡತಿ ಗೌರವ್ವ ಅವನಿಗೆ ಅವಲಕ್ಕಿ ಕೊಟ್ಟು ಕೂರಿಸಿದ್ದರು. ಅವನು ಅವಲಕ್ಕಿಯನ್ನು ಮುಟ್ಟಿರಲಿಲ್ಲ.

“ಸಹಿ ಮಾಡಿ ತಂಗೀನ ಕರಕೊಂಡು ಹೋಗಾಕ ಬಂದಿದ್ದೆರಿ. ಗೋವಾದಾಗ ಕೆಲಸ ಸಿಕ್ಕೈತಿ, ಇಬ್ಬರೂ ಹೋಗೂಣು ಅಂದೆ. ಬರಾಂಗಿಲ್ಲ ಅಂದ್ಲು. ನಾ ಹೊಂಟ್ರ ಲೆಕ್ಕ ಮುರೀತೈತಿ, ಉಳದ ಹದಿನೆಂಟು ಮಂದಿ ಇಲ್ಲೇ ಸಾಯ್ತಾರು ಅಂತಾಳು. ನೀವರ ಹೇಳ್ರಿ, ಅಜ್ಜಾರ ಮಾತು ಕೇಳ್ತೇನಿ ಅಂದಾಳು.”

ಕರಿಕಟ್ಟಿಯವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹಿಂದೆ ನಿಲಯದಿಂದ ಹೊರಬಿದ್ದ ಮೂವರು ಹೆಂಗಸರು ಕೊಟ್ಟ ದೂರುಗಳು ರಜಿಸ್ಟರಿನೆದುರು ಬಿದ್ದುಹೋಗಿದ್ದವು. ಇದೊಂದು ನಿಲ್ಲುತ್ತದೆ. ಆರುನೂರಾ ಮೂವತ್ತೇಳು ದಿನ ಉಳಿದಿದ್ದವು.

“ಇರಲಿ ಅಂತ ಹೇಳು. ಹೊಸ್ತಿಲು ಸುಳ್ಳು ಹೇಳಾಂಗಿಲ್ಲ.”

ಯಲ್ಲಪ್ಪ ಎದ್ದು ನಿಂತ. “ನಿಮ್ಮ ತಂಗಿ ಆಗಿದ್ರ?” ಎಂದು ಕೇಳಲು ಬಾಯಿ ತೆರೆದವನು ಗೌರವ್ವನ ಮುಖ ನೋಡಿ, ಕೈಮುಗಿದು ಹೋದ. ಅವನು ಗೋವಾದಿಂದ ತಿರುಗಿ ಬಂದ ಸುದ್ದಿ ಅವರಿಗೆ ಬರಲಿಲ್ಲ.

“ಅವಲಕ್ಕಿ ಹಂಗ ಬಿಟ್ಟ” ಎಂದು ಗೌರವ್ವ ತಟ್ಟೆ ಎತ್ತಿಕೊಂಡರು. “ಒಳಗ ಹೆಂಗದಾರಂತ್ರಿ ಅವರು?”

“ಅದು ನಾ ತಿಳಕೋಬಾರದು.”

“ಯಾಕ?”

“ನಿಯಮ.”

ಏಳುನೂರನೆಯ ದಿನ ಪ್ರಯೋಗಾಲಯದವರು ಹೋಗಿ ಹೊಸ್ತಿಲನ್ನು ಅಳೆದರು. ಮರುದಿನ ಸಂಗಮನಾಥ ತನ್ನ ಕೋಣೆಯಲ್ಲಿ ಗುರುಗಳಿಗೆ ಒಂದು ಹಾಳೆ ಕೊಟ್ಟ. ಅದರಲ್ಲಿ ಒಂದೇ ಸಂಖ್ಯೆಯಿತ್ತು. ಒಟ್ಟು ಆಳ, ಹದಿಮೂರು ಮಿಲಿಮೀಟರಿಗೆ ಕೊಂಚ ಮೇಲೆ.

ಕರಿಕಟ್ಟಿಯವರು ಪೆನ್ಸಿಲ್ ತೆಗೆದುಕೊಂಡರು. ಎರಡು ಸಾವಿರದಿಂದ ಗುಣಿಸಿ, ಏಳುನೂರರಿಂದ ಭಾಗಿಸಿದರು. ಮೂವತ್ತೇಳೂ ಮುಕ್ಕಾಲು. ದುಂಡುಸಂಖ್ಯೆಯಲ್ಲಿ ಮೂವತ್ತೆಂಟು. ಹತ್ತೊಂಬತ್ತು ಜನ ಹೋಗುವುದು, ಹತ್ತೊಂಬತ್ತು ಜನ ಬರುವುದು.

ಅವರು ಮತ್ತೊಮ್ಮೆ ಲೆಕ್ಕ ಮಾಡಿದರು. ಉತ್ತರ ಬದಲಾಗಲಿಲ್ಲ.

“ಹೊರಗ ಹೋಗಿಬಂದಾರ ಹಂಗಾರ” ಎಂದರು.

ಸಂಗಮನಾಥ ಕಿಟಕಿಯ ಕಡೆ ನೋಡುತ್ತಿದ್ದ. “ಲೆಕ್ಕ ಹಂಗ ಹೇಳತೈತ್ರಿ ಸರ.”

ಕರಿಕಟ್ಟಿಯವರ ಎದೆಯಲ್ಲಿ ಮೊದಲು ಮೂಡಿದ್ದು ಕೋಪ. ಆ ಹೆಂಗಸು ತಮ್ಮನ್ನು ಮೋಸಗೊಳಿಸಿದಳು ಎಂದು ಅವರಿಗನ್ನಿಸಿತು. ಕಿಸೆಯಿಲ್ಲದ ವಸ್ತುವನ್ನು ಆಕೆ ತನ್ನ ಯಾವುದೋ ಜಗಳಕ್ಕೆ ಬಳಸಿಕೊಂಡಿದ್ದಳು. ಮುಖ ನೋಡದೆ ಲೆಕ್ಕ ಹಾಕಿದ್ದೇ ಒಳ್ಳೆಯದಾಯಿತು ಎಂದುಕೊಂಡರು.

ವಿಚಾರಣೆ ತಾಲೂಕು ಕಚೇರಿಯ ಮಹಡಿಯಲ್ಲಿ ನಡೆಯಿತು. ಹತ್ತೊಂಬತ್ತು ಹೆಂಗಸರನ್ನು ವ್ಯಾನಿನಲ್ಲಿ ಕರೆತಂದಿದ್ದರು. ಬಿಸಿಲಿಗೆ ಅವರು ಕಣ್ಣು ಕಿರಿದುಮಾಡಿಕೊಂಡಿದ್ದನ್ನು ಎಲ್ಲರೂ ನೋಡಿದರು, ಅದು ದಾಖಲೆಯಾಗಲಿಲ್ಲ. ಮೇಲ್ವಿಚಾರಕಿ ರಜಿಸ್ಟರು ಮಂಡಿಸಿದರು. ವಾರವಿಡೀ ಬೆಳಿಗ್ಗೆ ಹತ್ತಕ್ಕೆ ಹೊಲಿಗೆ ಕೇಂದ್ರಕ್ಕೆ, ಭಾನುವಾರ ಪ್ರಾರ್ಥನೆಗೆ. ಸಂಜೆ ಐದಕ್ಕೆ ವಾಪಸು. ಹತ್ತೊಂಬತ್ತು, ಹತ್ತೊಂಬತ್ತು.

ಅಧಿಕಾರಿ ಫಕೀರವ್ವನಿಗೆ ಹೇಳುವುದೇನಿದೆ ಎಂದು ಕೇಳಿದರು.

“ನಾ ಏನ್ ಹೇಳ್ಲಿರಿ. ಹೊಸ್ತಿಲಾನ್ನ ಕೇಳ್ರಿ” ಎಂದಳು. ಅವಳ ದನಿಯಲ್ಲಿ ಅನುಮಾನವಿರಲಿಲ್ಲ. ಕರಿಕಟ್ಟಿಯವರ ಕಡೆ ತಿರುಗಿ ಸ್ವಲ್ಪ ನಕ್ಕಳು ಕೂಡ, ಮನೆಯವರನ್ನು ಕಂಡವಳಂತೆ.

ಅವರು ಎದ್ದು ನಿಂತು ಸಂಖ್ಯೆಯನ್ನು ಓದಿದರು. ದಿನಕ್ಕೆ ಮೂವತ್ತೆಂಟು ಸಲ ಈ ಹೊಸ್ತಿಲನ್ನು ದಾಟಲಾಗಿದೆ.

ಹೆಂಗಸರ ಸಾಲಿನಲ್ಲಿ ಮೆಹಬೂಬಿ ಎಂಬ ವಯಸ್ಸಾದವಳು ಪಕ್ಕದವಳನ್ನು, “ಏನಂದ್ರು?” ಎಂದು ಕೇಳಿದಳು. ಫಕೀರವ್ವ ಮಾತ್ರ ನಿಂತೇ ಇದ್ದಳು.

“ಅಜ್ಜಾರ, ನಾವು ದಾಟಿಲ್ರಿ.”

“ದಾಟೀರಿ ಅಂತ ಹೊಸ್ತಿಲು ಹೇಳತೈತಿ.”

“ಒಂದು ದಿನಾನೂ ದಾಟಿಲ್ಲ. ನಿಮ್ಮ ಮಾತಿಗೆ ಕುಂತೇನಿ ನಾ.”

“ಹೊಸ್ತಿಲು ಸುಳ್ಳು ಹೇಳಾಂಗಿಲ್ಲವ್ವಾ” ಎಂದು ಅವರು ಹೇಳಿದರು. ಯಲ್ಲಪ್ಪನಿಗೆ ಹೇಳಿದ್ದೂ ಇದೇ ಮಾತು.

ದೂರು ವಜಾ ಆಯಿತು. ಹತ್ತೊಂಬತ್ತು ಜನ ಅದೇ ವ್ಯಾನಿನಲ್ಲಿ ಅದೇ ಬಾಗಿಲಿಗೆ ಹಿಂದಿರುಗಿದರು.

ಮನೆಯಲ್ಲಿ ಕರಿಕಟ್ಟಿಯವರು ಊಟಕ್ಕೆ ಕುಳಿತಾಗ ಗೌರವ್ವ ರೊಟ್ಟಿ ಬಡಿಸುತ್ತ ಏನಾಯಿತೆಂದು ಕೇಳಿದರು. ಅವರು ಹೇಳಿದರು. ಸಂಖ್ಯೆಯನ್ನೂ ಹೇಳಿದರು.

“ಮೂವತ್ತೆಂಟು” ಎಂದು ಗೌರವ್ವ ಕೈಯಲ್ಲಿ ರೊಟ್ಟಿ ಹಿಡಿದೇ ನಿಂತರು. “ಮುಂಜಾನೆ ಹತ್ತೊಂಬತ್ತು, ದೀಪ ಹಚ್ಚೂ ಹೊತ್ತಿಗೆ ಹತ್ತೊಂಬತ್ತು.”

“ದೀಪ ಹಚ್ಚೂ ಹೊತ್ತಿಗೆ ಅಲ್ಲ, ಐದಕ್ಕ.”

“ಅಲ್ರೀ, ಆ ಪಡಸಾಲಿ ಗ್ವಾಡ್ಯಾಗ ದೇವರ ಮಾಡ ಐತೇನು?”

“ಗೋದಾಮು ಅದು. ಮಾಡ ಎಲ್ಲಿಂದ ಬರಬೇಕು?”

“ಫೋಟೋ ಪೀಟೋ?”

“ನಾ ನೋಡಿದಾಗ ಏನೂ ಇರಲಿಲ್ಲ.”

“ಮತ್ತ ಅವರು ಎದಕ್ಕ ಕೈ ಮುಗೀಬೇಕು?” ಗೌರವ್ವ ರೊಟ್ಟಿಯನ್ನು ತಾಟಿಗೆ ಹಾಕಿದರು. “ಎದ್ದ ಕೂಡ್ಲೇ ಹೊಸ್ತಿಲಾ ತೊಳದು, ಮುಟ್ಟಿ ಕಣ್ಣಿಗೆ ಒತ್ತಿಕೊಂಡಿರ್ತಾರು. ಸಂಜೀಕೂ ಒಮ್ಮೆ. ಹೆಣಮಕ್ಕಳು ಹತ್ತೊಂಬತ್ತು ಮಂದಿ ಇದ್ದಲ್ಲಿ ಹೊಸ್ತಿಲಾ ಒಂದ ಇದ್ರ ಮತ್ತೇನು ಮಾಡ್ತಾರು? ತುಳಿಬಾರದು ಅನ್ನೂದು ನಿಮಗ ನೆನಪಾತು. ಮುಟ್ಟಿ ನಮಸ್ಕಾರ ಮಾಡೂದು ನೆನಪಾಗಲಿಲ್ಲ?”

ಕರಿಕಟ್ಟಿಯವರು ತಾಟನ್ನು ನೋಡುತ್ತ ಕುಳಿತರು. ಬಿಸಿ ಅಂಗೈಯೂ ಬಿಸಿ ಅಂಗಾಲೂ ಗಾರೆಗೆ ಒಂದೇ. ಅವೆರಡನ್ನು ಬೇರೆಮಾಡಬಲ್ಲ ಪದ ಸೂತ್ರದಲ್ಲಿ ಒಂದೇ ಒಂದಿತ್ತು. ಭಾರ. ಅದನ್ನು ಹೊಡೆದುಹಾಕಿದ್ದು ತಾವೇ, ನ್ಯಾಯದ ಹೆಸರಿನಲ್ಲಿ.

“ನೀ ಮೊದಲ ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ಅವರು ಊಟ ಬಿಟ್ಟು ಎದ್ದು, ಆಟೋ ಹಿಡಿದು ಪ್ರಯೋಗಾಲಯಕ್ಕೆ ಹೋದರು. ಹೊಸ್ತಿಲಿನ ಅಗಲವನ್ನು ನಾಲ್ಕು ಪಟ್ಟಿಗಳಾಗಿ ಅಳೆಯುವ ಪದ್ಧತಿ ಮೊದಲಿನಿಂದಲೂ ಇತ್ತು. ಒಳಗಿನಿಂದ ಹೊರಗೆ ಒಂದು, ಎರಡು, ಮೂರು, ನಾಲ್ಕು. ದಾಟುವ ಕಾಲು ಯಾವ ಪಟ್ಟಿಯ ಮೇಲಾದರೂ ಬೀಳಬಹುದು. ಆದ್ದರಿಂದ ನಾಲ್ಕರ ಮೊತ್ತ ಸಾಕೆಂದು ಅವರೇ ಗೊತ್ತುಮಾಡಿದ್ದರು. ಈಗ ಅವರಿಗೆ ಬೇಕಾಗಿದ್ದು ಮೊತ್ತವಲ್ಲ.

“ನಾಲ್ಕೂ ಪಟ್ಟಿ ಬ್ಯಾರೆ ಬ್ಯಾರೆ ತೋರಿಸು.”

ಸಂಗಮನಾಥ ಬೇಡವೆನ್ನಲಿಲ್ಲ. ಪರದೆಯ ಮೇಲೆ ತೆರೆದು ತೋರಿಸಿ, ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಒಂದನೆಯ ಪಟ್ಟಿಯಲ್ಲಿ ಹದಿಮೂರಕ್ಕೆ ಕೊಂಚ ಮೇಲೆ. ಎರಡು, ಸೊನ್ನೆ. ಮೂರು, ಸೊನ್ನೆ. ನಾಲ್ಕು, ಸೊನ್ನೆ.

ಒಳಗೆ ಕುಳಿತು, ಕೈ ನಿಲುಕಿದಷ್ಟು ದೂರ ಮಾತ್ರ ಮುಟ್ಟಿದ್ದರು. ಏಳುನೂರು ದಿನಗಳಲ್ಲಿ ಒಂದು ಬರಿಗಾಲೂ ಆಚೆಗೆ ಬಿದ್ದಿರಲಿಲ್ಲ. ಹೊಸ್ತಿಲು ನಿಜವನ್ನೇ ಹೇಳಿತ್ತು. ಅದನ್ನು ಕೂಡಿಸಿದಾಗ ಸುಳ್ಳಾಗಿತ್ತು.

“ಇದು ನಿನಗ ಗೊತ್ತಿತ್ತು.”

“ಅಳತಿ ಬಂದ ದಿನಾನ ಗೊತ್ತಾತ್ರಿ.”

“ಮತ್ತ ನನಗ ಒಂದ ಅಂಕಿ ಕೊಟ್ಟಿ.”

“ಮೊತ್ತ ಸಾಕು ಅಂತ ನೀವ ಬರದದ್ದಲ್ರಿ ಸರ.” ಅವನ ದನಿ ತಗ್ಗಿತ್ತು. “ಇನ್ನೂರಾ ಹನ್ನೊಂದು ಕಡೆ ಹೊಸ್ತಿಲು ಕೂರಿಸೇವಿ. ಎಲ್ಲಾ ಕಡೆ ಮೊತ್ತಾನ ಕೊಟ್ಟೇವಿ, ನಿಮ್ಮ ಸಹಿ ಮ್ಯಾಲ. ಇದೊಂದು ತಪ್ಪು ಅಂದ್ರ ಎಲ್ಲಾ ತೆಗೀಬೇಕು. ಗಾರಿ ಹೋತು, ಪ್ರಯೋಗಾಲಯ ಹೋತು. ನೂರಾ ನಲವತ್ತು ಕಡೆ ಇದ ಗಾರಿ ಜನಾನ್ನ ಹೊರಗ ತಂದೈತ್ರಿ. ಹತ್ತೊಂಬತ್ತು ಮಂದಿಗೆ ನೂರಾ ನಲವತ್ತು ಮನಿ ಬಿಡಬೇಕೇನ್ರಿ? ನೀವ ಲೆಕ್ಕ ಹೇಳ್ರಿ.”

“ಆಕೀನ ಅಲ್ಲಿ ಇರು ಅಂದಾವ ನಾ.”

“ನೀವು ಅಂದ್ರಿ. ನಾ ಅನ್ನಲಿಲ್ಲ.”

ಕರಿಕಟ್ಟಿಯವರು ಪ್ರತಿಯನ್ನು ಕೇಳಿದರು. ಅದು ಪ್ರಯೋಗಾಲಯದ ಸ್ವತ್ತು ಎಂದು ಸಂಗಮನಾಥ ಹೇಳಿದ. ಹೇಳುವಾಗ ಎದ್ದು ನಿಂತಿದ್ದ. ಗುರುಗಳ ಮುಂದೆ ಕುಳಿತು ಅಂಥ ಮಾತು ಹೇಳುವ ರೂಢಿ ಅವನಿಗಿರಲಿಲ್ಲ. ಅವನ ಬಾಗಿದ ತಲೆಯಲ್ಲಿ ಮರ್ಯಾದೆ ಎಷ್ಟು, ನಾಚಿಕೆ ಎಷ್ಟು ಎಂದು ಬೇರ್ಪಡಿಸಲು ಅವರಿಂದಾಗಲಿಲ್ಲ.

ಅವರು ವಿಚಾರಣಾಧಿಕಾರಿಗೆ ಬರೆದರು. ತಮ್ಮ ವರದಿ ತಪ್ಪು, ತಪ್ಪಿಗೆ ಹೊಣೆ ತಾವು ಎಂದು ಮೊದಲ ಸಾಲಿನಲ್ಲಿಯೇ ಬರೆದರು. ಹದಿನೆಂಟನೆಯ ದಿನ ಉತ್ತರ ಬಂದಿತು. ದಾಖಲಾಗದ ಅಳತೆಯನ್ನು ಪರಿಗಣಿಸಲಾಗದು. ಪ್ರಕರಣ ಮುಗಿದೊಡನೆ ಪದ್ಧತಿಯಂತೆ ಹೊಸ್ತಿಲನ್ನು ಸಮತಟ್ಟು ಮಾಡಲಾಗಿದೆ. ತಜ್ಞರು ಇಚ್ಛಿಸಿದರೆ ಹೊಸ ಎಣಿಕೆಗೆ ಅನುಮತಿ ಇದೆ. ಈ ಸಲ ನಾಲ್ಕೂ ಪಟ್ಟಿಗಳನ್ನು ದಾಖಲಿಸಲಾಗುವುದು.

ಎಣಿಕೆ ಶುರುವಾಗುವ ದಿನ ಸ್ಥಳಕ್ಕೆ ಹೋಗಲು ನಿಯಮ ಅಡ್ಡಿಯಿರಲಿಲ್ಲ. ಅವರು ಬೆಳಿಗ್ಗೆಯ ಬಸ್ಸಿಗೆ ಹೊರಟರು. ಗೌರವ್ವ ಏನನ್ನೋ ಕಟ್ಟಿಕೊಡಲು ಹೋದವರು, ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಸುಮ್ಮನಾದರು.

ಮೇಲ್ವಿಚಾರಕಿ ಅವರಿಗೆ ಚಹಾ ತರಿಸಿದರು. ಅವರು ಕುಡಿಯಲಿಲ್ಲ. ಊಟ ಕೊಡುವ ಕಿಟಕಿಯ ಹತ್ತಿರ ಐದು ನಿಮಿಷ ಮಾತನಾಡಬಹುದು ಎಂದಾಯಿತು. ಸರಳುಗಳ ಹಿಂದೆ ಫಕೀರವ್ವ ಬಂದು ನಿಂತಳು. ಎರಡು ವರ್ಷದ ಹಿಂದೆ ನೋಡಿದ ಮುಖಕ್ಕಿಂತ ಈಗ ಅದು ಬಿಳಿಚಿತ್ತು.

ಅವರು ನಡೆದದ್ದನ್ನೆಲ್ಲ ಹೇಳಿದರು. ಕೈಗಳನ್ನು ಕಾಲುಗಳೆಂದು ಎಣಿಸಿದ್ದನ್ನು ಹೇಳಿದರು. ಮೂರು ಸೊನ್ನೆಗಳನ್ನು, ಇಂದು ಶುರುವಾಗುವ ಹೊಸ ಎಣಿಕೆಯನ್ನು ಹೇಳಿದರು. ಸಂಗಮನಾಥನ ಹೆಸರನ್ನು ಹೇಳಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡಳು.

“ನಮಸ್ಕಾರ ಮಾಡಿದ್ದ ಮುಳುವಾತು ಹಂಗಾರ” ಎಂದಳು. “ನಾನ ಶುರು ಮಾಡಿದ್ದೆರಿ ಅದನ್ನ. ಮೆಹಬೂಬಿಗೆ ನಿನಗ್ಯಾಕಬೇ ಅಂದ್ರ, ನಮ್ಮನ್ನ ಹೊರಗ ತರೂದು ಇದ ಅಲ್ಲೇನು, ನಂದೂ ಒಂದು ಸಲಾಮು ಇರಲಿ ಅಂತಿದ್ಲು. ಖರೇ ಹೇಳೂ ಹೊಸ್ತಿಲಾ ಅಂತ ದಿನಾ ಮುಟ್ಟಿದ್ವಿ. ಅದಕೂ ಮೊದಲು ಇಲ್ಲಿ ಕಲ್ಲಿನ ಹೊಸ್ತಿಲಾ ಇತ್ತು. ಅದನ್ನ ಯಾರೂ ಮುಟ್ಟತಿದ್ದಿಲ್ಲ.”

“ಈಗ?”

“ಅವತ್ತಿನಿಂದ ಬಿಟ್ಟೀವ್ರಿ. ಯಾರೂ ಹತ್ರ ಹೋಗಾಂಗಿಲ್ಲ. ಮುಟ್ಟಾಕ ಈಗ ಏನೂ ಉಳದಿಲ್ಲ ಇಲ್ಲಿ.”

ಯಾರೂ ಮುಟ್ಟದಿದ್ದರೆ ನಾಲ್ಕೂ ಪಟ್ಟಿಗಳಲ್ಲಿ ಸೊನ್ನೆ ಬರುತ್ತದೆ. ಸೊನ್ನೆಗೆ ಎರಡು ಅರ್ಥವಿಲ್ಲ. ಯಾವ ರಜಿಸ್ಟರೂ ಅದರ ಮುಂದೆ ನಿಲ್ಲದು. ಲೆಕ್ಕ ಅವರ ತಲೆಯಲ್ಲಿ ತಾನಾಗಿಯೇ ಮುಗಿಯಿತು, ಅದು ಈ ಸಲ ಸರಿಯಾಗಿಯೇ ಇತ್ತು. ಅದನ್ನು ಹೇಳಲು ಬಾಯಿ ತೆರೆದರು. ಅವಳು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ನಿಲ್ಲಿಸಿದರು.

“ಎಷ್ಟು ದಿನಾರೀ ಅಜ್ಜಾರ?”

ಅವರು ಸರಳನ್ನು ಹಿಡಿದುಕೊಂಡರು.

“ಮತ್ತ ಏಳುನೂರ?” ಎಂದು ಅವಳೇ ಕೇಳಿದಳು.

ಉತ್ತರ ಹೌದು ಎಂಬುದಾಗಿತ್ತು. ಮೂವತ್ತೈದು ವರ್ಷ ಮಕ್ಕಳ ಮುಂದೆ ಉತ್ತರ ಹೇಳಿದ ನಾಲಿಗೆ ಅದನ್ನು ಹೇಳಲಿಲ್ಲ.

ಫಕೀರವ್ವ ಒಳಗಿನಿಂದ ಕಿಟಕಿಯ ಕದಗಳನ್ನು ಎಳೆದು, ಅಗಳಿ ಹಾಕಿದಳು. ಆ ಕಟ್ಟಡದಲ್ಲಿ ಅವಳು ತಾನಾಗಿ ಮುಚ್ಚಬಹುದಾಗಿದ್ದುದು ಅದೊಂದೇ.